ಮನೆ ಗುಂಪಿನಲ್ಲಿ ನೀಲಿ ಲಕೋಟೆಯ ಚರ್ಚೆ

ಅಕ್ಕ: ಅಮೆರಿಕದ ಕನೆಕ್ಟಿಕಟ್ ರಾಜ್ಯದ ಈ ಸುದ್ದಿಯನ್ನು ದಯವಿಟ್ಟು ಎಲ್ಲರೂ ಓದಿ. ಆಟಿಸಂ (ಇತರರೊಡನೆ ಮಾತು-ಒಡನಾಟದ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವ ಸ್ಥಿತಿ) ಇರುವ ಚಾಲಕರು ಬಯಸಿದರೆ ಅಲ್ಲಿ 2020ರಿಂದ ನೀಲಿ ಲಕೋಟೆಯೊಂದನ್ನು ಕೊಡುತ್ತಿದ್ದಾರೆ. ಲೈಸೆನ್ಸ್, ನೋಂದಣಿ ಪತ್ರ, ವಿಮೆಯ ಕಾಗದಗಳನ್ನು ಅದರೊಳಗೆ ಇಟ್ಟುಕೊಳ್ಳಬಹುದು. ಗಾಡಿ ತಡೆದಾಗ ಪೊಲೀಸರು ಹೇಗೆ ಮಾತನಾಡಬೇಕು, ಚಾಲಕರು ಏನು ಮಾಡಬೇಕು ಎಂಬುದು ಹೊರಮೈಯಲ್ಲೇ ಅಚ್ಚಾಗಿರುತ್ತದೆ. ನಮ್ಮಲ್ಲೂ ಇದು ಬರಬೇಕು.

ದೊಡ್ಡಪ್ಪ: ತಂಗೀ, ಪೊಲೀಸ್ ಇಲಾಖೆಯಲ್ಲಿ ಮೂವತ್ತು ವರ್ಷ ಕಳೆದ ನಾನು ಇದನ್ನು ಒಪ್ಪಲಾರೆ. ಗೋವಾದಿಂದ ಕದ್ದು ಮದ್ಯ ಬರುವ ಹೆದ್ದಾರಿಯಲ್ಲಿ ರಾತ್ರಿಯಿಡೀ ನಿಂತವನಿಗೆ, ಕಣ್ಣು ತಪ್ಪಿಸುವವನ ಮೇಲೆ, ಕೇಳಿದ್ದಕ್ಕೆ ತಡವರಿಸುವವನ ಮೇಲೆ ಮೊದಲು ಅನುಮಾನ ಬರುತ್ತದೆ. ನಮಗೆ ಕಲಿಸಿದ್ದೇ ಹಾಗೆ. ನಾಳೆ ಮದ್ಯ ಸಾಗಿಸುವವನೇ ಇಂಥ ಲಕೋಟೆ ಹಿಡಿದು ಬಂದರೆ ಏನು ಮಾಡುವುದು?

ಅಕ್ಕ: ತಪಾಸಣೆಯೇ ಬೇಡವೆಂದು ನಾನು ಹೇಳುತ್ತಿಲ್ಲ, ದೊಡ್ಡಪ್ಪ. ಕಳೆದ ಮಳೆಗಾಲದಲ್ಲಿ ಕುಮಟಾದಿಂದ ಶಿರಸಿಗೆ ಬರುವ ದಾರಿಯಲ್ಲಿ, ಆಟಿಸಂ ಇರುವ ನನ್ನ ಮಗ ಮಾಣಿಯನ್ನು ಪೊಲೀಸರು ನಿಲ್ಲಿಸಿದಾಗ ನಾನು ಪಕ್ಕದ ಸೀಟಿನಲ್ಲೇ ಇದ್ದೆ. ಟಾರ್ಚ್ ಬೆಳಕು ನೇರ ಮುಖಕ್ಕೆ ಬಿತ್ತು, ಜೀಪಿನ ಕೆಂಪು ದೀಪ ಒದ್ದೆ ಗಾಜಿನ ಮೇಲೆ ಮಿನುಗುತ್ತಲೇ ಇತ್ತು, 'ಎಲ್ಲಿಂದ ಬಂದೆ, ಲೈಸೆನ್ಸ್ ಎಲ್ಲಿ, ಕುಡಿದಿದ್ದೀಯಾ' ಎಂದು ಒಂದೇ ಉಸಿರಿಗೆ ಮೂರು ಪ್ರಶ್ನೆಗಳು ಬಂದವು. ಅವನು 'ಕುಡಿದಿದ್ದೀಯಾ' ಎಂಬ ಮಾತನ್ನೇ ಮತ್ತೆ ಮತ್ತೆ ಹೇಳತೊಡಗಿದ. ಗಾಬರಿಯಾದಾಗ ಅವನು ಕೇಳಿದ ಮಾತನ್ನೇ ತಿರುಗಿ ಹೇಳುತ್ತಾನೆ. ಅಣಕಿಸುತ್ತಿದ್ದಾನೆಂದು ತಿಳಿದು ತೋಳು ಹಿಡಿದು ಕೆಳಗೆಳೆದರು. ಊದಿಸಿ ನೋಡಿದಾಗ ಯಂತ್ರ ಸೊನ್ನೆ ತೋರಿಸಿತು. ಆಮೇಲೆ ಎರಡು ತಿಂಗಳು ಅವನು ಕಾರಿನ ಕೀಲಿ ಮುಟ್ಟಲಿಲ್ಲ.

ಚಿಕ್ಕಮ್ಮ: ಕೇಳಿಯೇ ಹೊಟ್ಟೆ ಉರಿಯಿತು. ಆದರೂ ಅವನ ವಿಷಯವನ್ನು ಕಂಡಕಂಡವರ ಮುಂದೆ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ಇಂಥವನು ಗಾಡಿ ಓಡಿಸಬಾರದು ಎನ್ನುವವರು ಹುಟ್ಟಿಕೊಳ್ಳುತ್ತಾರೆ.

ನಾನು: ದೊಡ್ಡಪ್ಪ, ನಮಗೆ ಕಲಿಸಿದ್ದೇ ಹಾಗೆ ಎಂದಿರಲ್ಲ, ಬದಲಾಗಬೇಕಾದದ್ದು ಅದೇ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಕೂಡ ಸೇರಿದೆ, ಮತ್ತು ಪೊಲೀಸರ ತರಬೇತಿಯಲ್ಲಿ ಈ ಹಕ್ಕುಗಳ ಪಾಠ ಕಡ್ಡಾಯವಾಗಿರಬೇಕೆಂದು ಅದರ 47ನೇ ಕಲಂ ಹೇಳುತ್ತದೆ. ಓದಿ ತಿಳಿಯುವವನು ಎದುರಿಗಿಲ್ಲದಿದ್ದರೆ ಲಕೋಟೆ ಬರೀ ಕಾಗದವಾಗುತ್ತದೆ.

ಮಾಣಿ: ಚರ್ಚೆ ನನ್ನ ಬಗ್ಗೆ ಇರುವುದರಿಂದ ನಾನೇ ಬರೆಯುತ್ತೇನೆ. ಚಿಕ್ಕಜ್ಜಿ, ಎಲ್ಲರಂತೆ ಪರೀಕ್ಷೆ ಕೊಟ್ಟೇ ನಾನು ಲೈಸೆನ್ಸ್ ಪಡೆದಿದ್ದೇನೆ. ನನ್ನ ವಿಷಯವನ್ನು ಯಾರಿಗೆ ಹೇಳಬೇಕೆಂಬುದನ್ನು ನನಗೇ ಬಿಡಿ. ಟಾರ್ಚನ್ನು ಸ್ವಲ್ಪ ಕೆಳಗೆ ಹಿಡಿಯಲಿ, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ ಹತ್ತು ಸೆಕೆಂಡು ಕಾಯಲಿ, ಮುಟ್ಟುವ ಮೊದಲು ಹೇಳಲಿ. ಅಷ್ಟಾದರೆ ಡಿಕ್ಕಿಯನ್ನು ನಾನೇ ತೆಗೆದು ತೋರಿಸುತ್ತೇನೆ.

ದೊಡ್ಡಪ್ಪ: ಲಕೋಟೆಯ ದುರುಪಯೋಗದ ಬಗ್ಗೆ ನನ್ನ ಸಂಶಯ ಹೋಗಿಲ್ಲ. ಆದರೆ ಮಾಣಿ, ನೀನು ಕೇಳಿದ್ದರಿಂದ ತಪಾಸಣೆಗೆ ಯಾವ ತೊಂದರೆಯೂ ಇಲ್ಲ. ನೀನೂ ಒಂದು ಮಾಡು: ಕೈಗಳನ್ನು ಸ್ಟೀರಿಂಗ್ ಮೇಲೆ ಕಾಣುವಂತೆ ಇಟ್ಟುಕೋ, ಕಾಗದ ಎಲ್ಲಿದೆಯೆಂದು ಹೇಳಿದ ಮೇಲೆಯೇ ತೆಗೆ. ನಿನ್ನ ಆ ಮಾತುಗಳನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಕಳಿಸು. ಠಾಣೆಯಲ್ಲಿ ಬೆಳಗಿನ ಹಾಜರಿ ಕರೆಯುವಾಗ ಓದಿ ಹೇಳಿಸಲು ಸಾಧ್ಯವೇ ಎಂದು ಸೋಮವಾರ ನಾನೇ ಹೋಗಿ ಕೇಳುತ್ತೇನೆ.