ಐದು ತಿಂಗಳ ಬೆಕ್ಕಿನ ಮರಿ, ಬ್ರಷ್ ಕಂಡರೆ ಓಡುತ್ತದೆ. ಹಲ್ಲು ಉಜ್ಜೋದು ಹೇಗೆ?

ಮೀಸೆಮರಿ:
ನಮ್ಮ ಹೆಣ್ಣು ಮರಿಗೆ ಈಗ ಐದು ತಿಂಗಳು. ಚಿಕ್ಕಂದಿನಲ್ಲೇ ಹಲ್ಲು ಉಜ್ಜಿಸಿಕೊಳ್ಳುವ ಅಭ್ಯಾಸ ಮಾಡಿಸಿ ಅಂತ ಎಲ್ಲರೂ ಹೇಳುತ್ತಾರೆ, ಹೇಗೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಬ್ರಷ್ ಹತ್ತಿರ ತಂದರೆ ಹಿಂಗಾಲಲ್ಲಿ ಒದ್ದು ಮಂಚದ ಕೆಳಗೆ ಸೇರುತ್ತಾಳೆ. ಮೊನ್ನೆ ಹಾಸಿಗೆ ಮೇಲೆ ಅಕ್ಕಿಕಾಳಿನಷ್ಟು ಹಲ್ಲು ಸಿಕ್ಕಿತು. ಮೇಲಿನ ಕೋರೆಹಲ್ಲಿನ ಜಾಗದಲ್ಲಿ ಒಂದು ಕಡೆ ಎರಡು ಹಲ್ಲು ಕಾಣಿಸುತ್ತಿವೆ, ಒಂದು ತೆಳ್ಳಗೆ, ಒಂದು ದಪ್ಪ. ವಸಡು ಅಲ್ಲಲ್ಲಿ ಕೆಂಪಾಗಿದೆ, ಬಾಯಿ ಸ್ವಲ್ಪ ವಾಸನೆ ಬರುತ್ತದೆ. ಇದೆಲ್ಲ ಮಾಮೂಲಿನಾ? ಈಗಲೇ ಉಜ್ಜಬೇಕಾ? ನಮ್ಮ ಪೇಸ್ಟನ್ನೇ ಚೂರು ಹಚ್ಚಿದರೆ ನಡೆಯುತ್ತಾ?

ಕಪ್ಪುಬಾಲ:
ಹಲ್ಲು ಬಿದ್ದಿದ್ದು ಮಾಮೂಲಿ. ಮರಿಗೆ 26 ಹಾಲುಹಲ್ಲು, ದೊಡ್ಡದಾದ ಮೇಲೆ 30. ಮೂರೂವರೆ ನಾಲ್ಕು ತಿಂಗಳಿಗೆ ಮುಂದಿನ ಪುಟ್ಟ ಹಲ್ಲುಗಳಿಂದ ಶುರುವಾಗುತ್ತದೆ, ಐದರ ಹೊತ್ತಿಗೆ ಕೋರೆಹಲ್ಲು, ಆರು ದಾಟುವಷ್ಟರಲ್ಲಿ ಹೆಚ್ಚುಕಮ್ಮಿ ಎಲ್ಲ ಬಂದಿರುತ್ತವೆ. ನಿಮ್ಮ ಕೈಗೆ ಒಂದು ಸಿಕ್ಕಿದ್ದೇ ಅಪರೂಪ. ಊಟ ತಿನ್ನುವಾಗ ಮರಿಗಳು ಹೆಚ್ಚಿನ ಹಲ್ಲುಗಳನ್ನು ನುಂಗಿಬಿಡುತ್ತವೆ, ಅದರಿಂದ ಏನೂ ಆಗುವುದಿಲ್ಲ. ಈ ಸಮಯದಲ್ಲಿ ಬಾಯಿ ಸ್ವಲ್ಪ ವಾಸನೆ ಬರುವುದೂ ಉಂಟು.

ಉಜ್ಜುವ ಆತುರ ಈಗ ಬೇಡ. ಹಲ್ಲು ಮೂಡುತ್ತಿರುವಾಗ ವಸಡು ನೋಯುತ್ತಿರುತ್ತದೆ, ಆಗ ಬ್ರಷ್ ತುರುಕಿದರೆ ಬ್ರಷ್ ಅಂದರೆ ನೋವು ಅಂತ ಅದರ ತಲೆಯಲ್ಲಿ ಕೂತುಬಿಡುತ್ತದೆ, ಆಮೇಲೆ ಅದನ್ನು ಬಿಡಿಸುವುದು ದೊಡ್ಡ ತಲೆನೋವು. ಹೇಗಿದ್ದರೂ ಹಾಲುಹಲ್ಲು ಬೀಳುವಂಥದ್ದು, ಅದನ್ನು ತಿಕ್ಕಿ ಏನು ಮಾಡುತ್ತೀರಿ? ಈ ಒಂದೆರಡು ತಿಂಗಳು ಬಾಯಿ ಮುಟ್ಟಿಸಿಕೊಳ್ಳುವುದನ್ನು ಮಾತ್ರ ಕಲಿಸಿ.

ತೂಕಡಿಸುವಾಗ ಕೆನ್ನೆ ಸವರಿ, ಅದು ಬೆಕ್ಕಿಗೆ ಹೇಗೂ ಇಷ್ಟ. ಸವರುತ್ತಲೇ ಹೆಬ್ಬೆರಳಲ್ಲಿ ಮೇಲ್ತುಟಿ ಒಂದು ಕ್ಷಣ ಎತ್ತಿ, ಬಿಟ್ಟುಬಿಡಿ, ಏನಾದರೂ ತಿನ್ನಲು ಕೊಡಿ. ಅಷ್ಟೇ, ಅವತ್ತಿನ ಪಾಠ ಮುಗಿಯಿತು. ಅದು ರೂಢಿಯಾದ ಮೇಲೆ ಬೆಕ್ಕಿನ ಪೇಸ್ಟ್ ಬೆರಳಿಗೆ ಹಚ್ಚಿ ನೆಕ್ಕಿಸಿ, ಆಮೇಲೆ ಅದೇ ಬೆರಳನ್ನು ತುಟಿಯೊಳಗೆ ಜಾರಿಸಿ. ಬ್ರಷ್ ಕೊನೆಗೆ ಬರಲಿ, ಚಿಕ್ಕ ತಲೆಯ ಮೆತ್ತನೆಯದು. ಎದುರು ಕೂತು ಮುಖ ಹಿಡಿಯಬೇಡಿ. ಅದರ ಬೆನ್ನು ನಿಮ್ಮ ಹೊಟ್ಟೆಗೆ ತಾಗುವ ಹಾಗೆ ಕೂರಿಸಿಕೊಳ್ಳಿ. ಬಾಯಿ ತೆರೆಸುವುದೇ ಬೇಡ! ತುಟಿ ಎತ್ತಿ ಹೊರಮೈ ಉಜ್ಜಿದರೆ ಸಾಕು, ಒಳಮೈಯನ್ನು ಅದರ ಒರಟು ನಾಲಿಗೆ ತಕ್ಕಮಟ್ಟಿಗೆ ನೋಡಿಕೊಳ್ಳುತ್ತದೆ. ಕಿಟ್ಟ ಜಾಸ್ತಿ ಕಟ್ಟುವುದು ಮೇಲಿನ ಹಿಂದಿನ ದೊಡ್ಡ ಹಲ್ಲಿಗೆ. ಸಮಯ ಕಡಿಮೆ ಇದ್ದರೆ ಅದೊಂದನ್ನಾದರೂ ಬಿಡಬೇಡಿ.

ಜಗಲಿಕಾವಲು:
ನಿಮ್ಮ ಪೇಸ್ಟ್ ಬೇಡವೇ ಬೇಡ. ಬೆಕ್ಕು ಉಗುಳುವುದಿಲ್ಲ, ಪೂರ್ತಿ ನುಂಗುತ್ತದೆ. ಫ್ಲೋರೈಡ್, ನೊರೆ ಬರಿಸುವ ಪದಾರ್ಥ ಎಲ್ಲ ಹೊಟ್ಟೆಗೆ. ಅಡುಗೆ ಸೋಡಾನೂ ಬೇಡ. ವಸಡು ನೋಯುತ್ತಿದೆ ಅಂತ ಲವಂಗದ ಎಣ್ಣೆ ಹಚ್ಚಲು ಹೋಗಬೇಡಿ, ಬೆಕ್ಕಿಗೆ ಅದು ವಿಷ. ಪ್ಯಾರಾಸಿಟಮಾಲ್ ಅಂತೂ ಒಂದೇ ಮಾತ್ರೆ ಪ್ರಾಣ ತೆಗೆಯಬಹುದು, ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ.

ಮೂರುಬಣ್ಣ:
ಎರಡು ಕೋರೆಹಲ್ಲಿನ ಬಗ್ಗೆ ಯಾರೂ ಮಾತಾಡಲಿಲ್ಲ, ನನಗೆ ಅದೇ ಮುಖ್ಯ ಅನಿಸುತ್ತದೆ. ತೆಳ್ಳಗಿರುವುದು ಹಾಲುಹಲ್ಲು, ದಪ್ಪದ್ದು ಹೊಸದು. ಕೆಲವು ದಿನ ಎರಡೂ ಅಕ್ಕಪಕ್ಕ ಇರುವುದು ಸಹಜ. ಆದರೆ ಹೊಸದು ಪೂರ್ತಿ ಬೆಳೆದ ಮೇಲೂ ಹಳೆಯದು ಅಲ್ಲಾಡದೆ ನಿಂತಿದ್ದರೆ ಕೀಳಿಸಲೇಬೇಕು. ನಡುವೆ ಕೂದಲು, ಆಹಾರ ಸಿಕ್ಕಿಕೊಳ್ಳುತ್ತದೆ, ಹೊಸ ಹಲ್ಲು ಓರೆಯಾಗಿ ಬೆಳೆಯಬಹುದು. ಮನೆಯಲ್ಲಿ ಎಳೆಯಲು ಹೋಗಬೇಡಿ, ಅದರ ಬೇರು ಉದ್ದ ಮತ್ತು ಸಣ್ಣ, ಒಳಗೇ ಮುರಿದು ಉಳಿಯುತ್ತದೆ. ಮರಿಯಾಗದ ಹಾಗೆ ಆಪರೇಷನ್ ಮಾಡಿಸುವ ವಯಸ್ಸೂ ಹೆಚ್ಚುಕಮ್ಮಿ ಇದೇ ಅಲ್ವಾ, ಒಂದೇ ಅರಿವಳಿಕೆಯಲ್ಲಿ ಎರಡೂ ಕೆಲಸ ಮುಗಿಸಬಹುದು. ವೆಟ್ ಹತ್ತಿರ ಮೊದಲೇ ಕೇಳಿಡಿ.

ವಸಡಿನದು ಸ್ವಲ್ಪ ಕಾದು ನೋಡಿ. ಹಲ್ಲು ಮೂಡುವ ಜಾಗದಲ್ಲಿ ಕೆಂಪಾದರೆ ಚಿಂತೆಯಿಲ್ಲ. ಎಲ್ಲ ಹಲ್ಲು ಬಂದ ಮೇಲೂ ಹಲ್ಲಿನ ಬುಡದುದ್ದಕ್ಕೂ ಕೆಂಪು ಗೆರೆ ಎಳೆದ ಹಾಗಿದ್ದರೆ, ಮುಟ್ಟಿದರೆ ರಕ್ತ ಬಂದರೆ, ವಸಡು ಊದಿ ಹಲ್ಲಿನ ಮೇಲೆ ಹತ್ತಿದ್ದರೆ ಅದು ಎಳೆ ಬೆಕ್ಕುಗಳಿಗೆ ಬರುವ ವಸಡಿನ ಉರಿಯೂತ ಇರಬಹುದು. ಕೆಲವು ಸಲ ಇದರ ಹಿಂದೆ ಬೆಕ್ಕುಗಳಿಗೆ ಬರುವ ವೈರಸ್‌ಗಳಾದ ಕ್ಯಾಲಿಸಿವೈರಸ್ ಅಥವಾ ಎಫ್‌ಐವಿ, ಎಫ್‌ಇಎಲ್‌ವಿ ಇರುತ್ತವೆ, ಹಾಗಾಗಿ ತೋರಿಸಿ ಪರೀಕ್ಷೆ ಮಾಡಿಸಿ. ಊಟ ಬಿಡಲಿ ಆಮೇಲೆ ನೋಡೋಣ ಅಂತ ಕಾಯಬೇಡಿ. ಬಾಯಿ ತುಂಬ ನೋವಿದ್ದರೂ ಬೆಕ್ಕು ಸುಮ್ನೆ ತಿನ್ನುತ್ತಲೇ ಇರುತ್ತದೆ.

ಹಿತ್ತಲಹುಲಿ:
ಇಷ್ಟೆಲ್ಲ ಬೇಕಾ? ಒಣ ಆಹಾರ ಹಾಕಿ, ಕಟಕಟ ಅಗಿದರೆ ಹಲ್ಲು ತಾನಾಗಿ ಸ್ವಚ್ಛವಾಗುತ್ತದೆ.

ಕಪ್ಪುಬಾಲ:
ಹಾಗೆ ಆಗಿದ್ದರೆ ಚೆನ್ನಾಗಿತ್ತು. ಮಾಮೂಲಿ ಕಾಳು ಹಲ್ಲಿನ ತುದಿ ತಾಗಿದ ಕೂಡಲೇ ಒಡೆಯುತ್ತದೆ, ಎಷ್ಟೋ ಬೆಕ್ಕುಗಳು ಇಡಿಯಾಗಿ ನುಂಗುತ್ತವೆ, ಕಿಟ್ಟ ಕಟ್ಟುವ ವಸಡಿನ ಅಂಚಿಗೆ ಅದು ತಲುಪುವುದೇ ಇಲ್ಲ. ಹಲ್ಲಿಗಾಗಿಯೇ ಮಾಡಿದ ಆಹಾರ ಬೇರೆ. ಅದರ ಕಾಳು ದೊಡ್ಡದು, ನಾರು ಜಾಸ್ತಿ, ಹಲ್ಲು ಒಳಗೆ ಇಳಿದ ಮೇಲೆ ಒಡೆಯುತ್ತದೆ. ಪೊಟ್ಟಣದ ಮೇಲೆ, ಸಾಕುಪ್ರಾಣಿಗಳ ಹಲ್ಲಿನ ಉತ್ಪನ್ನಗಳನ್ನು ಪರಿಶೀಲಿಸುವ ಸಂಸ್ಥೆ ಕೊಡುವ ವಿಒಎಚ್‌ಸಿ ಮುದ್ರೆ ಇದೆಯಾ ನೋಡಿ. ಬ್ರಷ್‌ನಷ್ಟು ಅಲ್ಲದಿದ್ದರೂ ಉಪಯೋಗ ಇದೆ. ಅಗಿಯಲು ಮೂಳೆ, ಕೊಂಬು ಮಾತ್ರ ಕೊಡಬೇಡಿ, ಹಲ್ಲೇ ಮುರಿಯುತ್ತದೆ. ವೈರು ಕಚ್ಚುವ ವಯಸ್ಸು ಇದು, ಪ್ಲಗ್‌ಗಳನ್ನೂ ನೋಡಿಕೊಳ್ಳಿ.

ಮೀಸೆಮರಿ:
ತುಂಬ ಥ್ಯಾಂಕ್ಸ್. ಈಗ ತುಟಿ ಎತ್ತಿ ನೋಡಿದೆ, ತೆಳ್ಳಗಿನ ಹಲ್ಲು ಸ್ವಲ್ಪ ಅಲ್ಲಾಡುತ್ತಿದೆ. ಆಪರೇಷನ್ ಬಗ್ಗೆ ಕೇಳಲು ಹೇಗೂ ವೆಟ್ ಹತ್ತಿರ ಹೋಗಬೇಕು, ಆಗ ತೋರಿಸುತ್ತೇನೆ. ಇನ್ನೊಂದು, ಮುಂದೆ ಉಜ್ಜಲು ಶುರು ಮಾಡಿದರೆ ವಾರಕ್ಕೊಮ್ಮೆ ಸಾಕಾ?

ಮೂರುಬಣ್ಣ:
ಸಾಲದು. ಹಲ್ಲಿನ ಮೇಲಿನ ಪಾಚಿ ಕೆಲವೇ ದಿನದಲ್ಲಿ ಗಟ್ಟಿ ಕಿಟ್ಟ ಆಗುತ್ತದೆ, ಆಮೇಲೆ ಬ್ರಷ್‌ಗೆ ಬರುವುದಿಲ್ಲ. ದಿನಾ ಆದರೆ ಒಳ್ಳೆಯದು, ಆಗದಿದ್ದರೆ ದಿನ ಬಿಟ್ಟು ದಿನ, ಒಂದು ಕಡೆಗೆ ಅರ್ಧ ನಿಮಿಷ. ಆದರೂ ವರ್ಷಕ್ಕೊಮ್ಮೆ ಬಾಯಿ ತೋರಿಸಿ, ಯಾಕೆಂದರೆ ಬೆಕ್ಕುಗಳಲ್ಲಿ ಹಲ್ಲು ತಾನೇ ಕರಗುತ್ತಾ ಹೋಗುವ ಒಂದು ಕಾಯಿಲೆ ಇದೆ, ಎಷ್ಟು ಉಜ್ಜಿದರೂ ಅದು ನಿಲ್ಲುವುದಿಲ್ಲ, ಎಕ್ಸ್‌ರೇ ತೆಗೆದರೇ ಸರಿಯಾಗಿ ಗೊತ್ತಾಗುವುದು.