ಪೊರೆ ಶಸ್ತ್ರಚಿಕಿತ್ಸೆಯ ನಂತರ ಸಿಲಿಂಡರ್ ಪವರ್ ಹೆಚ್ಚಿದ್ದೇಕೆ?

ಪ್ರಶ್ನೆ:
ಮೂರು ವಾರಗಳ ಹಿಂದೆ ನಮ್ಮ ತಾಯಿಯವರ ಬಲಗಣ್ಣಿಗೆ ಹೊಲಿಗೆಯಿಲ್ಲದ ಎಸ್‌ಐಸಿಎಸ್ (ಸಣ್ಣ ಕೊಯ್ತದ) ವಿಧಾನದಲ್ಲಿ ಪೊರೆ ಶಸ್ತ್ರಚಿಕಿತ್ಸೆಯಾಯಿತು. ಮೊದಲು ಹೆಸರಿಗಷ್ಟೇ ಇದ್ದ ಸಿಲಿಂಡರ್ ಪವರ್ (ಕಣ್ಣಿನ ಬಾಗು ಎಲ್ಲ ದಿಕ್ಕಿನಲ್ಲೂ ಒಂದೇ ಸಮನಾಗಿಲ್ಲದ್ದನ್ನು ಸರಿಪಡಿಸುವ ಪವರ್) ಈಗ 90 ಡಿಗ್ರಿ ಆಕ್ಸಿಸ್‌ನಲ್ಲಿ, ಅಂದರೆ ಆ ದಿಕ್ಕಿನಲ್ಲಿ, ಮೈನಸ್ 1.5 ಇದೆ. ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಆಕಾರ ಬದಲಾಗಿದೆ ಎನ್ನುತ್ತಾರೆ. ತೆಗೆದದ್ದು ಒಳಗಿನ ಮಸೂರವಾಗಿರುವಾಗ ಹೊರಗಿನ ಕಾರ್ನಿಯಾ ಬದಲಾಗುವುದೇಕೆ? ಈಗಲೇ ಕನ್ನಡಕ ಮಾಡಿಸಬಹುದೇ? ಎಡಗಣ್ಣಿನದು ಇನ್ನೂ ಬಾಕಿ ಇರುವುದರಿಂದ ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ, ಆಪ್ಟೋಮೆಟ್ರಿಸ್ಟ್:
ಮಸೂರ ಹೊರಬರುವ ದಾರಿಯನ್ನು ಕಾರ್ನಿಯಾದ ಅಂಚಿನಲ್ಲಿ ಅಥವಾ ಅದರ ಪಕ್ಕದ ಬಿಳಿಭಾಗದಲ್ಲಿ ಮಾಡುತ್ತಾರೆ. ಕಣ್ಣಿನ ಸುಮಾರು 60 ಡಯಾಪ್ಟರ್ ಶಕ್ತಿಯಲ್ಲಿ 43ರಷ್ಟು ಕಾರ್ನಿಯಾದ್ದೇ ಆಗಿರುವುದರಿಂದ, ಅದರ ಬಾಗಿನಲ್ಲಿ ಆಗುವ ಅಲ್ಪ ವ್ಯತ್ಯಾಸವೂ ಪವರ್‌ನಲ್ಲಿ ಕಾಣಿಸಿಕೊಳ್ಳುತ್ತದೆ. ಕೊಯ್ತ ಯಾವ ದಿಕ್ಕಿನಲ್ಲಿದೆಯೋ ಆ ದಿಕ್ಕಿನ ಬಾಗು ಸಡಿಲವಾಗಿ ಚಪ್ಪಟೆಯಾಗುತ್ತದೆ, ಅದಕ್ಕೆ ಅಡ್ಡವಾದ ದಿಕ್ಕಿನದು ಕಡಿದಾಗುತ್ತದೆ. ಎಸ್‌ಐಸಿಎಸ್‌ನಲ್ಲಿ ಗಟ್ಟಿಯಾದ ಮಸೂರವನ್ನು ಇಡಿಯಾಗಿ ಹೊರತೆಗೆಯಬೇಕಾದ್ದರಿಂದ ಕೊಯ್ತ ಸುಮಾರು 6ರಿಂದ 7 ಮಿ.ಮೀ. ಇರುತ್ತದೆ, ಫೇಕೋ ಎಂಬ ಇನ್ನೊಂದು ವಿಧಾನದಲ್ಲಿ ಮಸೂರವನ್ನು ಒಳಗೇ ಪುಡಿಮಾಡಿ ಹೀರುವುದರಿಂದ 3 ಮಿ.ಮೀ.ಗಿಂತ ಕಡಿಮೆ ಸಾಕು. ತಾಯಿಯವರಿಗೆ ಮೇಲ್ಭಾಗದಲ್ಲಿ ಕೊಯ್ದಿದ್ದರೆ ಮೇಲಿಂದ ಕೆಳಗಿನ ಬಾಗು ಚಪ್ಪಟೆಯಾಗಿ 90 ಡಿಗ್ರಿಯ ಮೈನಸ್ ಸಿಲಿಂಡರ್ ಬರುವುದು ನಿರೀಕ್ಷಿತವೇ. ಇದನ್ನು ವೈದ್ಯರ ತಪ್ಪೆಂದು ಭಾವಿಸಬೇಕಾಗಿಲ್ಲ. ಊತ ಇಳಿದು ಗಾಯ ಮಾಗುವವರೆಗೆ ಅಂಕಿ ಬದಲಾಗುತ್ತಿರುತ್ತದೆ. ಆದ್ದರಿಂದ ಆರು ವಾರ ಕಳೆದ ಮೇಲೆ ಮತ್ತೆ ಪರೀಕ್ಷಿಸಿ ಕನ್ನಡಕ ಮಾಡಿಸುವುದು ಒಳ್ಳೆಯದು. ಈ ನಡುವೆ ನೋವು, ಕೆಂಪು ಅಥವಾ ಹಠಾತ್ತನೆ ಮಂಜು ಕಂಡುಬಂದರೆ ಮಾತ್ರ ಕಾಯದೆ ಅದೇ ದಿನ ತೋರಿಸಬೇಕು.

ಉತ್ತರ, ನೇತ್ರವೈದ್ಯರು:
ಎಡಗಣ್ಣಿನ ಬಗ್ಗೆ ಒಂದು ಮಾತು. ಕೆರಟೊಮೆಟ್ರಿಯಲ್ಲಿ (ಕಾರ್ನಿಯಾದ ಬಾಗಿನ ಅಳತೆಯಲ್ಲಿ) ಅಡ್ಡ ಬಾಗು ಕಡಿದಾಗಿದ್ದರೆ, ವಯಸ್ಸಾದವರಲ್ಲಿ ಇದು ಸಾಮಾನ್ಯ, ಕಿವಿಯ ಕಡೆಯಿಂದ ಕೊಯ್ಯುವುದರಿಂದ ಅದು ಕಡಿಮೆಯಾಗುತ್ತದೆ. ಕಾರ್ನಿಯಾ ಎತ್ತರಕ್ಕಿಂತ ಅಗಲ ಹೆಚ್ಚಿರುವುದರಿಂದ ಆ ಬದಿಯ ಗಾಯ ದೃಷ್ಟಿಯ ನಡುಭಾಗದಿಂದ ದೂರವಿರುತ್ತದೆ, ಮೇಲ್ರೆಪ್ಪೆಯ ಒತ್ತಡವೂ ಅದಕ್ಕೆ ತಗಲುವುದಿಲ್ಲ. ಸಿಲಿಂಡರ್ ಹೆಚ್ಚಿದ್ದರೆ ಟೋರಿಕ್ ಲೆನ್ಸ್ (ಸಿಲಿಂಡರ್ ಪವರ್ ಸೇರಿಸಿದ ಕೃತಕ ಮಸೂರ) ಇದೆ. ಆದರೆ ಅದು 10 ಡಿಗ್ರಿ ತಿರುಗಿದರೂ ಮೂರನೇ ಒಂದು ಭಾಗದಷ್ಟು ಪ್ರಯೋಜನ ಹೋಗುತ್ತದೆ. ದುಬಾರಿಯಾದ್ದನ್ನೇ ಹಾಕಿಸಬೇಕೆಂಬ ಹಟ ಎಲ್ಲರಿಗೂ ಅಗತ್ಯವಿಲ್ಲ, 1.5ರಷ್ಟು ಸಿಲಿಂಡರನ್ನು ಕನ್ನಡಕವೇ ಸರಿಪಡಿಸುತ್ತದೆ.

ಉತ್ತರ, ಇನ್ನೊಬ್ಬ ಸದಸ್ಯರು:
ಹೊಲಿಗೆ ಹಾಕಿದ ಕಣ್ಣಿನಲ್ಲಿ ಇದು ತಿರುವುಮುರುವಾಗುತ್ತದೆ ಎಂಬುದನ್ನೂ ಸೇರಿಸುತ್ತೇನೆ. ನಮ್ಮ ತಂದೆಯವರಿಗೆ ಬಿಗಿಯಾದ ಹೊಲಿಗೆಯಿಂದ ಕೊಯ್ತದ ದಿಕ್ಕಿನ ಬಾಗು ಕಡಿದಾಗಿ ಸಿಲಿಂಡರ್ ಹೆಚ್ಚಿತ್ತು. ಗಾಯ ಮಾಗಿದ ಮೇಲೆ ವೈದ್ಯರು ಹೊಲಿಗೆ ತೆಗೆದರು, ಪವರ್ ಬಹಳಷ್ಟು ಇಳಿಯಿತು.