ಗಣಿತದ ಪಾಠ ಯೂಟ್ಯೂಬ್‌ಗೆ ಹಾಕಿದರೆ ಮಕ್ಕಳಿಗೆ ಲಾಭವೋ, ನಷ್ಟವೋ?

ಗಣಿತ ಮೇಷ್ಟ್ರು, ತೀರ್ಥಹಳ್ಳಿ ಕಡೆ

ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಕೆಲವು ವರ್ಷಗಳಿಂದ ಹತ್ತನೇ ಕ್ಲಾಸಿನ ಪಾಠಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕುತ್ತಿದ್ದೇನೆ. ಬೋರ್ಡು, ಚಾಕ್‌ಪೀಸು, ನನ್ನ ದನಿ, ಅಷ್ಟೇ. ಜೊತೆಗೆ ಕೈಬರಹದ ನೋಟ್ಸ್. ಶುರುವಾಗಿದ್ದು ಮಳೆ ರಜೆಯಿಂದ. ಜುಲೈ ತಿಂಗಳಲ್ಲಿ ಮಳೆ ಹಿಡಿದು ಡಿಸಿ ರಜೆ ಕೊಟ್ಟರೆ ಪಾಠ ಅರ್ಧಕ್ಕೆ ನಿಲ್ಲುತ್ತೆ. ಮಕ್ಕಳು ವಾಪಸ್ ಬಂದಾಗ ಎಲ್ಲಿಗೆ ಬಿಟ್ಟಿದ್ದೆವು ಅನ್ನೋದೇ ಮರೆತಿರುತ್ತಾರೆ. ಅದಕ್ಕೆ ಹಾಕತೊಡಗಿದೆ. ಈಗ ಬೇರೆ ತಾಲೂಕಿನ ಮಕ್ಕಳೂ ನೋಡುತ್ತಿದ್ದಾರೆ.

ನನ್ನ ಜೊತೆ ಕೆಲಸ ಮಾಡುವ ಒಬ್ಬರು ಮೊನ್ನೆ ಕೇಳಿದರು: 'ಎಲ್ಲಾ ಅಲ್ಲೇ ಸಿಗುತ್ತೆ ಅಂದ್ರೆ ಕ್ಲಾಸಲ್ಲಿ ಯಾರು ಕೇಳ್ತಾರೆ? ನೋಡಿದ ತಕ್ಷಣ ಬಂತು ಅಂದುಕೊಳ್ತಾರೆ.' ನನ್ನ ಪ್ರಕಾರ ಹಾಕಲೇಬೇಕು. ಆದರೆ ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಮಕ್ಕಳ ಮನೆಯವರು, ಬೇರೆ ಶಾಲೆಯ ಶಿಕ್ಷಕರು ಏನಂತೀರಿ?

ನಿವೃತ್ತ ಹೆಡ್‌ಮಾಸ್ಟರ್, ಸಾಗರ

ನಿಮ್ಮ ಸಹೋದ್ಯೋಗಿ ಹೇಳಿದ್ದರಲ್ಲಿ ಸತ್ಯ ಇದೆ ಮೇಷ್ಟ್ರೇ. ಅಡಿಕೆ ಕೊಯ್ಯುವ ಕೊನೆಗಾರ ಮರ ಹತ್ತುವುದನ್ನು ಕೆಳಗೆ ನಿಂತು ನೋಡಿದವರಿಗೆಲ್ಲ ಮರ ಹತ್ತೋಕೆ ಬರುತ್ತಾ? ಲೆಕ್ಕ ಕೈಯಿಂದ ಬರಬೇಕು.

2020ರಲ್ಲಿ ಶಾಲೆ ಮುಚ್ಚಿದ್ದಾಗ ಎರಡೂ ಥರ ನೋಡಿದೆವು. ಚಂದನ ಟಿವಿಯಲ್ಲಿ 'ಸಂವೇದ' ಪಾಠ ಬಂತು. ಪಾಠ ಚೆನ್ನಾಗಿಯೇ ಇತ್ತು, ಆದರೆ ಟಿವಿಗೆ ಮರುಪ್ರಶ್ನೆ ಕೇಳೋಕೆ ಆಗಲ್ಲ. ಅದೇ ಆಗಸ್ಟ್‌ನಲ್ಲಿ 'ವಿದ್ಯಾಗಮ' ಅಂತ ಶುರುವಾಯಿತು. ಶಿಕ್ಷಕರೇ ಊರೂರಿಗೆ ಹೋಗಿ ಜಗಲಿಯಲ್ಲಿ, ದೇವಸ್ಥಾನದ ಅಂಗಳದಲ್ಲಿ ಕೂತು ಹೇಳಿಕೊಟ್ಟರು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಆದರೂ ಮಗುವಿನ ಪಕ್ಕ ಕೂತು 'ಈ ಸಾಲು ಹೇಗೆ ಬಂತು, ಹೇಳು' ಅಂತ ಕೇಳಿದ ಆ ಹತ್ತು ನಿಮಿಷಕ್ಕೆ ಬೇರೆ ಯಾವುದೂ ಸಮ ಅಲ್ಲ.

ಹಾಕಬೇಡಿ ಅಂತ ನಾನು ಹೇಳುತ್ತಿಲ್ಲ. ಹಾಕಿದ್ದೇ ಪಾಠ ಅಂತ ತಿಳಿಯಬೇಡಿ, ಅಷ್ಟೇ.

ಪಿಯು ವಿದ್ಯಾರ್ಥಿನಿ, ಸೊರಬ

ಸರ್, ನಾನು ಹೋದ ವರ್ಷ ಈ ಮೇಷ್ಟ್ರ ಪಾಠ ನೋಡಿಕೊಂಡೇ ಎಸ್‌ಎಸ್‌ಎಲ್‌ಸಿ ಬರೆದೆ. ನಾನು ಅವರ ಶಾಲೆಯವಳಲ್ಲ, ಅವರನ್ನು ಎದುರಿಗೆ ನೋಡಿಯೂ ಇಲ್ಲ.

ದೊಡ್ಡವರಿಗೆ ಒಂದು ವಿಷಯ ಗೊತ್ತಾಗಲ್ಲ. ಕ್ಲಾಸಲ್ಲಿ ಕೈ ಎತ್ತಿ 'ಮತ್ತೊಂದು ಸಲ ಹೇಳಿ ಸರ್' ಅನ್ನೋಕೆ ನಮಗೆ ತುಂಬಾ ನಾಚಿಕೆ. ಒಂದು ಸಲ ಕೇಳಬಹುದು. ಮೂರನೇ ಸಲ ಕೇಳಿದರೆ ಹಿಂದಿನ ಬೆಂಚಿನವರು ನಗ್ತಾರೆ. ವೀಡಿಯೋ ನಗಲ್ಲ. ಅದೇ ಜಾಗವನ್ನು ಬೇಕಾದಷ್ಟು ಸಲ ಹಿಂದಕ್ಕೆ ಎಳೆದು ನೋಡಬಹುದು. ನಾನು ನೋಟ್‌ಬುಕ್ ಮುಂದಿಟ್ಟುಕೊಂಡು, ನಿಲ್ಲಿಸಿ, ಮಾಡಿ, ಆಮೇಲೆ ಮುಂದಕ್ಕೆ ಹೋಗುತ್ತಿದ್ದೆ. ಹಾಗೆ ಮಾಡಿದರೆ ಕೈಯಿಂದಲೂ ಬರುತ್ತೆ.

ಟ್ಯೂಷನ್ ಟೀಚರ್, ಶಿವಮೊಗ್ಗ

ತಂಗಿ, ನೀನು ನಿಲ್ಲಿಸಿ ಮಾಡಿದೆ. ನೂರಕ್ಕೆ ಎಷ್ಟು ಜನ ಹಾಗೆ ಮಾಡುತ್ತಾರೆ?

ನಾನು ಟ್ಯೂಷನ್‌ನಿಂದಲೇ ಜೀವನ ಮಾಡುವವನು. ಉಚಿತ ಪಾಠ ಬಂದರೆ ನಮ್ಮ ಹೊಟ್ಟೆಗೆ ಹೊಡೆತ ಅಂತ ಹೇಳೋಕೆ ಬಂದಿಲ್ಲ. ಬಿಟ್ಟಿ ಪಾಠ ಇಷ್ಟೊಂದು ಇದ್ದರೂ ಮಕ್ಕಳು ನಮ್ಮ ಹತ್ತಿರ ಬರುತ್ತಲೇ ಇದ್ದಾರೆ. ಯಾಕೆ ಅಂದರೆ ನೋಟ್‌ಬುಕ್ ನೋಡುವವರು ಬೇಕು. ಚಿಹ್ನೆ ಬದಲಾಯಿಸೋದನ್ನು ಎಲ್ಲಿ ಮರೆತ, ಕೊನೆಗೆ ಚದರ ಸೆಂ.ಮೀ. ಬರೆದನಾ ಇಲ್ವಾ, ಇದನ್ನು ವೀಡಿಯೋ ಹೇಳಲ್ಲ. ಪರೀಕ್ಷೆಯಲ್ಲಿ 80 ಅಂಕದ ಪೇಪರನ್ನು ಪೆನ್ನಿನಲ್ಲಿ ಬರೆಯಬೇಕು. ಅಲ್ಲಿ ನಿಲ್ಲಿಸೋ ಗುಂಡಿ ಇಲ್ಲ.

ನನಗೆ ನಿಜವಾಗಿ ಸಿಟ್ಟು ಬರೋದು 'ಪಾಸಿಂಗ್ ಪ್ಯಾಕೇಜ್' ವೀಡಿಯೋಗಳ ಮೇಲೆ. 'ಇಷ್ಟೇ ಓದಿ, ಇಷ್ಟು ಅಂಕ ಗ್ಯಾರಂಟಿ' ಅಂತ ಹಾಕಿದ್ದಕ್ಕೆ ಸಿಗುವಷ್ಟು ನೋಟ (ವ್ಯೂಸ್) ಒಳ್ಳೆ ಪಾಠಕ್ಕೆ ಸಿಗಲ್ಲ. ಮೇಷ್ಟ್ರೇ, ನೋಟ ಕಮ್ಮಿ ಆಯಿತು ಅಂತ ಮುಂದೆ ನೀವೂ ಆ ದಾರಿ ಹಿಡಿಯಬೇಡಿ.

ಅಡಿಕೆ ತೋಟದ ಮನೆ, ಹೊಸನಗರ

ನಾನು ಟೀಚರ್ ಅಲ್ಲ. ಮಗ ಹತ್ತನೇ ಕ್ಲಾಸು. ಮೇಷ್ಟ್ರ ಒಂದು ಲೆಕ್ಕದಿಂದ ನಮ್ಮ ಮನೆಯಲ್ಲಿ ಎರಡು ದಿನ ಜಗಳ ನಡೆದಿದೆ, ಅದನ್ನು ಹೇಳುತ್ತೇನೆ.

ಲೆಕ್ಕ ಇದು: 33 ಅಡಿ ಉದ್ದ, 33 ಅಡಿ ಅಗಲದ ಒಂದು ಗುಂಟೆ ಜಾಗ. 9 ಅಡಿಗೆ ಒಂದರಂತೆ ಅಡಿಕೆ ಸಸಿ ನೆಟ್ಟರೆ ಎಷ್ಟು ಸಸಿ ಬೇಕು? ಮಗ 33ನ್ನು 33ರಿಂದ ಗುಣಿಸಿ 1,089 ಚದರ ಅಡಿ ಅಂದ. ಒಂದು ಸಸಿಗೆ 81 ಚದರ ಅಡಿ. ಭಾಗಿಸಿದರೆ 13.44, ಅಂದರೆ 13 ಸಸಿ. ನಮ್ಮ ಮನೆಯವರು ತಲೆ ಅಲ್ಲಾಡಿಸಿ 'ಯಾರು ಹೇಳಿದ್ದು? 16 ಸಸಿ ಹಿಡಿಯುತ್ತೆ' ಅಂದರು. ಮಗ ಕ್ಯಾಲ್ಕುಲೇಟರ್ ತೋರಿಸಿದ. ಇವರು ಹಗ್ಗ ತಗೊಂಡು ಅಂಗಳಕ್ಕೆ ಹೋದರು. ಅಳೆದು ನಾಲ್ಕು ಸಾಲಿಗೆ ನಾಲ್ಕು ನಾಲ್ಕು ಗೂಟ ಹೊಡೆದರು. 16 ಕೂತಿತು! ಇನ್ನೂ ಆರು ಅಡಿ ಉಳಿಯಿತು.

ಯಾವುದು ಸರಿ ಮೇಷ್ಟ್ರೇ? ಮಗ ಇನ್ನೂ ಒಪ್ಪಿಲ್ಲ.

ಗಣಿತ ಮೇಷ್ಟ್ರು, ತೀರ್ಥಹಳ್ಳಿ ಕಡೆ

ಅಕ್ಕಾ, ಆ ಲೆಕ್ಕ ಹಾಕಿದ್ದೇ ಈ ಜಗಳಕ್ಕಾಗಿ. ನಿಮ್ಮ ಯಜಮಾನರು ಹಗ್ಗ ಹಿಡಿದರು ಅಂತ ಓದಿ ಬಹಳ ಖುಷಿಯಾಯಿತು.

ಒಂದು ಸಾಲು ತಗೊಳ್ಳಿ. ಮೊದಲ ಸಸಿ 0 ಅಡಿಯಲ್ಲಿ, ಎರಡನೆಯದು 9ರಲ್ಲಿ, ಮೂರನೆಯದು 18ರಲ್ಲಿ, ನಾಲ್ಕನೆಯದು 27ರಲ್ಲಿ. ಸಸಿ ನಾಲ್ಕು, ಆದರೆ ನಡುವಿನ ಅಂತರ ಮೂರೇ. ಸಮಾಂತರ ಶ್ರೇಢಿಯ (ಒಂದೇ ಅಂತರದಲ್ಲಿ ಸಾಗುವ ಸಂಖ್ಯೆಗಳ ಸಾಲು) ಎನ್‌ನೇ ಪದದ ಸೂತ್ರದಲ್ಲಿ 'ಎನ್' ಬದಲು 'ಎನ್ ಮೈನಸ್ 1' ಯಾಕೆ ಬರುತ್ತೆ ಅಂತ ಪ್ರತಿ ವರ್ಷ ಮಕ್ಕಳು ಕೇಳ್ತಾರೆ. ಉತ್ತರ ಆ ಗೂಟಗಳಲ್ಲೇ ಇದೆ. ನಾಲ್ಕನೇ ಗೂಟ ತಲುಪೋಕೆ ಮೂರು ಸಲ 9 ಅಡಿ ನಡೆದರೆ ಸಾಕು.

ಹಾಗಾದರೆ 13 ತಪ್ಪಾ? ಅಲ್ಲ. ಭಾಗಾಕಾರದಲ್ಲಿ ಪ್ರತಿ ಸಸಿಗೂ ಸುತ್ತ 81 ಚದರ ಅಡಿ ಪೂರ್ತಿ ಕೊಟ್ಟಿದ್ದೇವೆ. ಅಂಗಳದಲ್ಲಿ ಅಂಚಿನ ಸಸಿಗಳ ಪಾಲು ಗಡಿಯ ಆಚೆಗೂ ಚಾಚಿದೆ. ಜಾಗ ದೊಡ್ಡದಾದಷ್ಟೂ ಈ ವ್ಯತ್ಯಾಸದ ಪ್ರಮಾಣ ಕಮ್ಮಿಯಾಗುತ್ತೆ. ಒಂದು ಎಕರೆ ಅಂದರೆ 43,560 ಚದರ ಅಡಿ. ಭಾಗಿಸಿದರೆ 537.78, ಅಂದರೆ 537 ಸಸಿ. ಚೌಕದ ಎಕರೆಯಲ್ಲಿ ಅಂಚಿನಿಂದಲೇ ಸಾಲು ಹೊಡೆದರೆ 24 ಸಾಲು, 576 ಸಸಿ. ಗುಂಟೆಯಲ್ಲಿ 13ಕ್ಕೂ 16ಕ್ಕೂ ಇದ್ದ ದೂರ ಇಲ್ಲಿ ಎಷ್ಟು ಕಿರಿದಾಯಿತು ಅಂತ ಮಗನಿಗೆ ಶೇಕಡಾದಲ್ಲಿ ಲೆಕ್ಕ ಹಾಕೋಕೆ ಹೇಳಿ. ನರ್ಸರಿಗೆ ಹೋಗುವ ಮುಂಚೆ ಇದೆಲ್ಲ ಬೇಕೇ ಬೇಕು, ಅಲ್ವಾ?

ನಿವೃತ್ತ ಹೆಡ್‌ಮಾಸ್ಟರ್, ಸಾಗರ

ಇದು ಪಾಠ! 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ದಿನದ ವ್ಯವಹಾರದಿಂದ ಲೆಕ್ಕ ಹುಟ್ಟಿಸೋದು ನಮಗೆ ಹೊಸದಲ್ಲ.

ಆದರೆ ಗಮನಿಸಿ: ಮಗು ಕಲಿತದ್ದು ವೀಡಿಯೋ ಮುಗಿದ ಮೇಲೆ, ಅಂಗಳದಲ್ಲಿ. ಉತ್ತರವನ್ನೂ ವೀಡಿಯೋದಲ್ಲೇ ಹೇಳಿದ್ದರೆ ಗೂಟ ಹೊಡೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಪ್ರತಿ ಪಾಠದ ಕೊನೆಗೂ ಹೀಗೆ ಒಂದು ಲೆಕ್ಕ ಉತ್ತರ ಹೇಳದೆ ಬಿಡಿ.

ಅಡಿಕೆ ತೋಟದ ಮನೆ, ಹೊಸನಗರ

ಅಡಿಕೆಯ ಕೊಳೆ ರೋಗದ ಔಷಧಿಯದ್ದೂ ಒಂದು ಲೆಕ್ಕ ಹಾಕಿ ಮೇಷ್ಟ್ರೇ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಅಂತ ಬಾಯಿಪಾಠ ಇದೆ. 200 ಲೀಟರ್ ಡ್ರಮ್ಮಿನಲ್ಲಿ ಮುಕ್ಕಾಲು ನೀರು ಇದ್ದಾಗ ಎಷ್ಟು ಅಂದರೆ ಮನೆಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಳ್ತಾರೆ.

ಐಟಿ ಕೆಲಸ, ಮೂಲ ಭದ್ರಾವತಿ

ಬೆಂಗಳೂರಿನಲ್ಲಿದ್ದೇನೆ. ಉಚಿತ ಆನ್‌ಲೈನ್ ಪಾಠಗಳ ಖಾನ್ ಅಕಾಡೆಮಿ ಹುಟ್ಟಿದ್ದೂ ಹೀಗೇ. 2004ರಲ್ಲಿ ಸಲ್ಮಾನ್ ಖಾನ್ ಅನ್ನುವವರು ದೂರದ ಊರಿನಲ್ಲಿದ್ದ ನೆಂಟರ ಹುಡುಗಿಗೆ ಫೋನಿನಲ್ಲಿ ಗಣಿತ ಹೇಳಿಕೊಡತೊಡಗಿದರು. 2006ರಲ್ಲಿ ಯೂಟ್ಯೂಬ್‌ಗೆ ಬಂದರು. ವೀಡಿಯೋಗಿಂತ ಮುಂಚೆಯೇ ಅವರು ಮಕ್ಕಳಿಗೆ ಅಭ್ಯಾಸದ ಲೆಕ್ಕ ಕೊಡುವ ಪುಟ್ಟ ಪ್ರೋಗ್ರಾಂ ಬರೆದಿದ್ದರು. ಹೆಡ್‌ಮಾಸ್ಟರ್ ಸರ್ ಹೇಳಿದ್ದಕ್ಕೂ ಇದಕ್ಕೂ ತಾಳೆ ಆಗುತ್ತೆ.

ನನ್ನದು ಎರಡು ಮಾತು. ಒಂದು, ಮಕ್ಕಳ ಮುಖ, ಹೆಸರು ವೀಡಿಯೋದಲ್ಲಿ ಬರಬಾರದು. ಬೋರ್ಡಿನ ಹತ್ತಿರ ಕರೆದು ತಪ್ಪು ಮಾಡಿಸಿ, ಅದನ್ನೇ ಊರಿಗೆಲ್ಲ ತೋರಿಸುವ ವೀಡಿಯೋ ಬೇಕಾದಷ್ಟಿವೆ. ಆ ಮಗುವಿನ ಗತಿ ಏನು? 2023ರ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆಯಲ್ಲೂ 18 ವರ್ಷದೊಳಗಿನವರಿಗೆ ಪೋಷಕರ ಒಪ್ಪಿಗೆ ಬೇಕು ಅಂತ ಇದೆ. ಕಾಯ್ದೆ ಇರಲಿ ಬಿಡಲಿ, ಮಗುವಿನ ಮರ್ಯಾದೆ ಮುಖ್ಯ.

ಇನ್ನೊಂದು ದುಡ್ಡಿನದು. 1,000 ಚಂದಾದಾರರು, ವರ್ಷದಲ್ಲಿ 4,000 ಗಂಟೆ ನೋಟ ಆದರೆ ಜಾಹೀರಾತಿನ ಪಾಲು ಸಿಗುತ್ತೆ. ಸರ್ಕಾರಿ ನೌಕರರು ಅದನ್ನು ತಗೋಬಹುದಾ?

ಟ್ಯೂಷನ್ ಟೀಚರ್, ಶಿವಮೊಗ್ಗ

ಶಿಕ್ಷಣ ಹಕ್ಕು ಕಾಯ್ದೆ 2009ರ 28ನೇ ಸೆಕ್ಷನ್ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವ ಹಾಗಿಲ್ಲ. ಎಲ್ಲರಿಗೂ ಬಿಟ್ಟಿ ಸಿಗುವ ಪಾಠ ಟ್ಯೂಷನ್ ಅಲ್ಲ, ಸರಿ. ಆದರೆ ದುಡ್ಡು ಬರತೊಡಗಿದರೆ ಜನ ಹಾಗೆ ನೋಡಲ್ಲ.

ಗಣಿತ ಮೇಷ್ಟ್ರು, ತೀರ್ಥಹಳ್ಳಿ ಕಡೆ

ದುಡ್ಡಿನ ಆಯ್ಕೆ ಆನ್ ಮಾಡಿಲ್ಲ, ಮಾಡುವುದೂ ಇಲ್ಲ. ನನಗೆ ಸಂಬಳ ಬರುತ್ತೆ. ನಾವು ಬೇಡ ಅಂದರೂ ಯೂಟ್ಯೂಬ್ ತನ್ನ ಪಾಡಿಗೆ ಜಾಹೀರಾತು ಹಾಕಬಹುದು, ಅದು ನಮ್ಮ ಕೈಯಲ್ಲಿಲ್ಲ. ಅದಕ್ಕೇ ನೋಟ್ಸ್ ಬೇರೆ ಇಟ್ಟಿದ್ದೇನೆ. ಮಕ್ಕಳ ಮುಖ ಯಾವತ್ತೂ ತೋರಿಸಿಲ್ಲ.

ಪಿಸಿಎಂ ಮೇಡಂ, ಶಿಕಾರಿಪುರ

ಇಷ್ಟು ಹೊತ್ತು ಎಲ್ಲರೂ ಮಕ್ಕಳ ಬಗ್ಗೆಯೇ ಮಾತಾಡಿದಿರಿ. ಶಿಕ್ಷಕರ ಬಗ್ಗೆ ಯಾರೂ ಹೇಳಲಿಲ್ಲ.

ಸಣ್ಣ ಹೈಸ್ಕೂಲು ನಮ್ಮದು. ಗಣಿತಕ್ಕೆ ನಾನೊಬ್ಬಳೇ. ಭೌತಶಾಸ್ತ್ರ, ರಸಾಯನಶಾಸ್ತ್ರವೂ ನನ್ನದೇ. ಒಂದು ಪಾಠ ಮಕ್ಕಳಿಗೆ ಹತ್ತಲಿಲ್ಲ ಅಂದರೆ ಸ್ಟಾಫ್ ರೂಮಿನಲ್ಲಿ ಯಾರನ್ನು ಕೇಳಲಿ? ಕನ್ನಡ ಮೇಷ್ಟ್ರು, ಪಿ.ಟಿ. ಮೇಷ್ಟ್ರು ಒಳ್ಳೆಯವರು, ಆದರೆ ಥೇಲ್ಸ್ ಪ್ರಮೇಯ ಅವರಿಗೇನು ಗೊತ್ತು? ತರಬೇತಿಗೆ ಹೋದಾಗ ಬೇರೆ ಶಾಲೆಯವರು ಸಿಗ್ತಾರೆ. ಊಟದ ಹೊತ್ತಿಗೆ ಮಾತು ಶುರುವಾಗಿ, ಬಸ್ಸಿನ ಹೊತ್ತಿಗೆ ಮುಗಿಯುತ್ತೆ.

ಥೇಲ್ಸ್ ಪ್ರಮೇಯದಲ್ಲೇ ನೋಡಿ. ಎಬಿಸಿ ತ್ರಿಭುಜ, ಬಿಸಿಗೆ ಸಮಾಂತರವಾಗಿ ಡಿಇ; ಅದು ಎಬಿ, ಎಸಿ ಎರಡನ್ನೂ ಒಂದೇ ಅನುಪಾತದಲ್ಲಿ ಭಾಗಿಸುತ್ತೆ ಅಂತ ತೋರಿಸಬೇಕು. ಇ ಬಿಂದುವಿನಿಂದ ಎಬಿಗೆ ಲಂಬ ಎಳೆಯುತ್ತೇವೆ. ಎಡಿಇ ತ್ರಿಭುಜಕ್ಕೆ ಅದು ಎತ್ತರ ಅಂದರೆ ಮಕ್ಕಳು ಹೂಂ ಅಂತಾರೆ. ಬಿಡಿಇ ತ್ರಿಭುಜಕ್ಕೂ ಅದೇ ಎತ್ತರ ಅಂದ ತಕ್ಷಣ ಅರ್ಧ ಕ್ಲಾಸು ಬಿಟ್ಟುಹೋಗುತ್ತೆ. ಯಾಕೆ? ಆ ಲಂಬ ಬಿಡಿಇ ತ್ರಿಭುಜದ ಹೊರಗೆ ಬಿದ್ದಿರುತ್ತೆ. ಎತ್ತರ ಅಂದರೆ ಒಳಗೇ ಇರಬೇಕು ಅಂತ ಮಕ್ಕಳ ತಲೆಯಲ್ಲಿ ಕೂತಿದೆ. ಮೇಷ್ಟ್ರು ತಮ್ಮ ವೀಡಿಯೋದಲ್ಲಿ ಅಲ್ಲೇ ನಿಂತರು. ಬಿಡಿಇ ಒಂದನ್ನೇ ಬೇರೆ ಬಣ್ಣದ ಚಾಕ್‌ಪೀಸಿನಲ್ಲಿ ಪಕ್ಕಕ್ಕೆ ಬರೆದು, ಪಾದವನ್ನು ಚುಕ್ಕೆ ಗೆರೆಯಲ್ಲಿ ಮುಂದುವರಿಸಿ, ಆಮೇಲೆ ಲಂಬ ಎಳೆದರು. ನಾನು ಮಾರನೇ ದಿನ ಹಾಗೇ ಮಾಡಿದೆ. ಕ್ಲಾಸು ನನ್ನ ಜೊತೆಗೇ ಬಂತು.

ಅವರ ಪಾಠದಿಂದ ನಮ್ಮ ಶಾಲೆಯ ಎಲ್ಲ ಮಕ್ಕಳಿಗೂ ಉಪಯೋಗ ಆಯಿತು. ಅವರಲ್ಲಿ ಎಷ್ಟೋ ಜನರ ಮನೆಯಲ್ಲಿ ಆ ವೀಡಿಯೋ ನೋಡುವ ಫೋನೇ ಇಲ್ಲ. ಇದನ್ನು ಯಾವ ನೋಟದ ಲೆಕ್ಕದಲ್ಲಿ ಸೇರಿಸ್ತೀರಿ?

ನಿವೃತ್ತ ಹೆಡ್‌ಮಾಸ್ಟರ್, ಸಾಗರ

ಈ ಕಡೆಯಿಂದ ನಾನು ಯೋಚಿಸಿರಲಿಲ್ಲ ಮೇಡಂ. ಹಾಗಾದರೆ ಪಾಠಕ್ಕಿಂತ ಹೆಚ್ಚಾಗಿ 'ಮಕ್ಕಳು ಎಲ್ಲಿ ಎಡವುತ್ತಾರೆ' ಅನ್ನುವುದನ್ನು ಹಂಚಬೇಕು. ಒಬ್ಬೊಬ್ಬ ಶಿಕ್ಷಕರು ಇಡೀ ಸರ್ವಿಸ್‌ನಲ್ಲಿ ಕಂಡುಕೊಂಡದ್ದು ಅವರ ನಿವೃತ್ತಿಯ ಜೊತೆ ಹೋಗಿಬಿಡುತ್ತೆ. ನನ್ನ ಹತ್ತಿರ ಹಳೇ ಪಾಠಯೋಜನೆ ಪುಸ್ತಕಗಳಿವೆ, ಅಂಚಿನಲ್ಲಿ ಟಿಪ್ಪಣಿ ಬರೆದಿದ್ದೇನೆ. ಯಾರಾದರೂ ಫೋಟೋ ತೆಗೆದುಕೊಳ್ಳೋದಾದರೆ ಮನೆಗೆ ಬನ್ನಿ.

ಐಟಿ ಕೆಲಸ, ಮೂಲ ಭದ್ರಾವತಿ

ಮೇಡಂ ಹೇಳಿದ ಚಿತ್ರಕ್ಕೆ ಜಿಯೋಜೀಬ್ರಾ ಹೇಳಿ ಮಾಡಿಸಿದ ಹಾಗಿದೆ. 2001ರಿಂದ ಇರುವ ಉಚಿತ ತಂತ್ರಾಂಶ. ಎ ಬಿಂದುವನ್ನು ಪಕ್ಕಕ್ಕೆ ಎಳೆದರೆ ಲಂಬ ಬಿಡಿಇ ತ್ರಿಭುಜದ ಒಳಗಿಂದ ಹೊರಗೆ ಹೋಗುವುದು ಕಣ್ಣೆದುರೇ ಕಾಣುತ್ತೆ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತೆ.

ಮೇಷ್ಟ್ರೇ, ನೋಟ್ಸ್ ಮೇಲೆ 'ಕ್ರಿಯೇಟಿವ್ ಕಾಮನ್ಸ್' ಪರವಾನಗಿ ಅಂತ ಬರೆದು, ಹೆಸರು ಉಳಿಸಿಕೊಂಡು ಯಾರು ಬೇಕಾದರೂ ತಿದ್ದಿ ಹಂಚಬಹುದು, ಮಾರುವಂತಿಲ್ಲ ಅಂತ ಸೇರಿಸಿ. ಇಲ್ಲದಿದ್ದರೆ ನಾಳೆ ಯಾರೋ ತಮ್ಮ ಹೆಸರು ಹಾಕಿ ಮಾರುತ್ತಾರೆ.

ಪಿಯು ವಿದ್ಯಾರ್ಥಿನಿ, ಸೊರಬ

ನೋಟ್ಸ್ ಬಗ್ಗೆ ನಂದೂ ಒಂದು. ನಮ್ಮ ಮನೆ ಹತ್ತಿರ ಸಿಗ್ನಲ್ ಸಿಗೋದು ಗುಡ್ಡದ ಮೇಲೆ ಮಾತ್ರ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತೆ. ಮಳೆ ರಜೆಗೆ ಅಂತ ಹಾಕಿದ ವೀಡಿಯೋ ಮಳೆಯಲ್ಲೇ ತೆರೆಯಲ್ಲ. ನನಗೆ ಉಳಿದದ್ದು ಪಂಚಾಯಿತಿ ಅರಿವು ಕೇಂದ್ರದಲ್ಲಿ (ಲೈಬ್ರರಿ) ಇಳಿಸಿಕೊಂಡ ನೋಟ್ಸ್. ಸರ್, ಆಯಾ ಪಾಠದ ನೋಟ್ಸ್ ಜೂನ್‌ನಲ್ಲೇ ಹಾಕಿಬಿಡಿ. ಮಳೆ ಹಿಡಿಯೋ ಮುಂಚೆ ಪ್ರಿಂಟ್ ಮಾಡಿಸಿಕೊಳ್ತಾರೆ.

ಗಣಿತ ಮೇಷ್ಟ್ರು, ತೀರ್ಥಹಳ್ಳಿ ಕಡೆ

ಆಗಲಿ ತಂಗಿ. ಜುಲೈ, ಆಗಸ್ಟ್‌ನ ಪಾಠಗಳ ನೋಟ್ಸ್ ಈ ಸಲ ಮೊದಲೇ ಹಾಕುತ್ತೇನೆ. ಬೋರ್ಡೋ ಲೆಕ್ಕವೂ ಅದರಲ್ಲಿರುತ್ತೆ ಅಕ್ಕಾ. ಹೆಡ್‌ಮಾಸ್ಟರ್ ಸರ್, ಮುಂದಿನ ಭಾನುವಾರ ಸಾಗರಕ್ಕೆ ಬರಲೇ?

ಟ್ಯೂಷನ್ ಟೀಚರ್, ಶಿವಮೊಗ್ಗ

ನೋಟ್‌ಬುಕ್ ತಿದ್ದುವವರು ಬೇಕು ಅನ್ನುವ ನನ್ನ ಮಾತು ಹಾಗೇ ಇದೆ. ಉತ್ತರ ಬಿಟ್ಟ ಲೆಕ್ಕಗಳನ್ನು ಮಕ್ಕಳು ಮಾಡಿ ಫೋಟೋ ಕಳಿಸಿದರೆ ವಾರಕ್ಕೊಂದು ಸಂಜೆ ನಾನು ತಿದ್ದಿಕೊಡುತ್ತೇನೆ. ಫೀಸ್ ಬೇಡ.

ಪಿಸಿಎಂ ಮೇಡಂ, ಶಿಕಾರಿಪುರ

ಸರ್, ಹಾಗಾದರೆ ನನ್ನ ಕ್ಲಾಸಿನದನ್ನೇ ಮೊದಲು ಕಳಿಸುತ್ತೇನೆ, ಹೆಸರು ಮುಚ್ಚಿ. ಮೇಷ್ಟ್ರೇ, ವೃತ್ತಕ್ಕೆ ಹೊರಗಿನ ಬಿಂದುವಿನಿಂದ ಎಳೆದ ಎರಡು ಸ್ಪರ್ಶಕಗಳು ಸಮ ಅನ್ನುವಲ್ಲಿ ನಮ್ಮ ಮಕ್ಕಳು ತ್ರಿಜ್ಯ ಸೇರಿಸೋದನ್ನೇ ಮರೆಯುತ್ತಾರೆ. ನಿಮ್ಮಲ್ಲೂ ಹಾಗೇ ಆಗುತ್ತಾ?